ಗುಡ್ಡೆಯಿಲ್ಲದ ಕಣ್ಣು



ಬಾನುಲಿಯಲ್ಲಿ ಮಾತಾಡುವವನಿಗೆ ಒಂದು ಅನುಕೂಲ ಇರುತ್ತದೆ. ಅವನ ದನಿ ನಿಮ್ಮ ಪಡಸಾಲೆಗೂ ಬರುತ್ತದೆ, ತೊಗರಿ ಹೊಲದ ಬದುವಿಗೂ ಬರುತ್ತದೆ. ಮುಖ ಮಾತ್ರ ಸ್ಟುಡಿಯೋದ ಬಾಗಿಲೊಳಗೇ ಉಳಿಯುತ್ತದೆ. ಇವತ್ತಿನ ನನ್ನ ಮಾತಿಗೆ ಈ ಅನುಕೂಲ ಬೇಕಾಗಿತ್ತು. ವಿಷಯ ನೋಡಿದರೆ ಸಣ್ಣದು: ಹುಡುಗನಾಗಿದ್ದಾಗ ಓದಿದ ಕಾಮಿಕ್ಸು. ಮುಖವಾಡ ಹಾಕಿಕೊಂಡು ಕಳ್ಳಕಾಕರನ್ನು ಸದೆಬಡಿಯುವ ವೀರರ ಚಿತ್ರಕಥೆಗಳು. ಅವನ್ನು ಓದದ ಹುಡುಗ ನಮ್ಮ ತಲೆಮಾರಿನಲ್ಲಿ ಅಪರೂಪ. ಆದರೆ ನನ್ನಂಥ ಕೆಲವರು ಅವನ್ನು ಬೇರೊಂದು ಕಾರಣಕ್ಕೆ ಎದೆಗವಚಿಕೊಂಡಿದ್ದೆವು. ನನ್ನಂಥವರು ಅಂದರೆ, ಗಂಡಸಾಗಿ ಹುಟ್ಟಿ ಗಂಡಸಿನ ಮೇಲೇ ಮನಸ್ಸಿಟ್ಟವರು. ಪತ್ರಿಕೆಗಳು ಇದಕ್ಕೆ ಸಲಿಂಗಕಾಮಿ ಅಂತ ಬರೆಯುತ್ತವೆ. ನನಗೆ ಆ ಪದ ಒಗ್ಗುವುದಿಲ್ಲ. ಅದರಲ್ಲಿ ಕಾಮವೊಂದೇ ಕಣ್ಣಿಗೆ ಹೊಡೆಯುತ್ತದೆ. ನಾನು ಹೇಳಹೊರಟಿರುವುದು ಕಾಮವೆಂದರೆ ಏನೆಂದೇ ತಿಳಿಯದ ವಯಸ್ಸಿನ ಹುಡುಗರ ಕಥೆ. ತಾವು ಉಳಿದವರ ಹಾಗಿಲ್ಲ ಅನ್ನುವುದಷ್ಟೇ ಅವರಿಗೆ ಗೊತ್ತಿತ್ತು.

ನನ್ನೂರು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ. ಊರಿನ ಹೆಸರಲ್ಲೇ ಎರಡು ಭಾಷೆ ಕೂಡಿಕೊಂಡಿವೆ. ಇತ್ತ ಕಲಬುರಗಿ, ಅತ್ತ ಗಡಿ ದಾಟಿದರೆ ಮಹಾರಾಷ್ಟ್ರದ ಉಮರ್ಗಾ, ಅಕ್ಕಲಕೋಟ. ನಮ್ಮ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸಿಗೆ ಹೋದರೆ ದಖನಿ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವುದು ನಮಗೆ ಚಪ್ಪಲಿ ಬಿಟ್ಟು ಒಳಗೆ ಬಂದಷ್ಟೇ ಸಲೀಸು.

ಆರನೇ ಇಯತ್ತೆಯಲ್ಲಿದ್ದೆ. ಅಪ್ಪ ಸಂತೆಯಿಂದ ಹುರಿದ ಶೇಂಗಾ ತಂದಿದ್ದ. ಶೇಂಗಾ ಮುಗಿದ ಮೇಲೆ ಪೊಟ್ಟಣದ ಹಾಳಿ ಬಿಚ್ಚಿ ನೋಡಿದರೆ ಅದರೊಳಗೆ ಒಬ್ಬ ಮನುಷ್ಯ ನಿಂತಿದ್ದ. ಮೈಗೆ ಅಂಟಿಕೊಂಡ ಬಟ್ಟೆ, ತಲೆ ಕಿವಿ ಮುಚ್ಚುವ ಹೊದಿಕೆ, ಸೊಂಟಕ್ಕೆ ತಲೆಬುರುಡೆಯ ಗುರುತಿನ ಪಟ್ಟಿ, ಕಣ್ಣಿಗೆ ಕಪ್ಪು ಮುಖವಾಡ. ಆ ಮುಖವಾಡದ ತೂತಿನಲ್ಲಿ ಬರೀ ಬಿಳುಪು, ಕಣ್ಣುಗುಡ್ಡೆಯೇ ಇಲ್ಲ. ಅದು ಸುಧಾ ವಾರಪತ್ರಿಕೆಯ ಹಾಳಿ, ಅವನು ಫ್ಯಾಂಟಮ್. ಕಥೆಯ ನಡುವಿನ ಕಂತು. ಹಿಂದೇನಾಯಿತೋ ಮುಂದೇನಾಗುತ್ತದೋ ಗೊತ್ತಿಲ್ಲ. ಎಣ್ಣೆ ಹಿಡಿದ ಆ ಹಾಳಿಯನ್ನು ಸಮಾಜ ಪುಸ್ತಕದೊಳಗೆ ಇಟ್ಟುಕೊಂಡೆ.

ಆಮೇಲೆ ಕ್ಷೌರಕ್ಕೆ ಹೋಗುವುದೆಂದರೆ ನನಗೆ ಹಬ್ಬ. ಆಳಂದದ ಒಂದು ಕಟಿಂಗ್ ಅಂಗಡಿಯಲ್ಲಿ ಹಳೆಯ ಸುಧಾ ಒಟ್ಟಿರುತ್ತಿದ್ದರು. ನನ್ನ ಪಾಳಿ ಬಂದರೂ ಹಿಂದಿನವರನ್ನು ಮುಂದೆ ಬಿಟ್ಟು ಓದುತ್ತ ಕೂಡುತ್ತಿದ್ದೆ. ಸೋಲಾಪುರದಲ್ಲಿದ್ದ ನಮ್ಮ ಕಾಕಾನ ಮಗ ದೀಪಾವಳಿಗೆ ಬಂದಾಗ ಮರಾಠಿಯ ಇಂದ್ರಜಾಲ ಕಾಮಿಕ್ಸ್ ತಂದ. ತೆರೆದು ನೋಡಿದರೆ ಅದೇ ಮನುಷ್ಯ, ಅದೇ ಕುದುರೆ, ಅದೇ ತಲೆಬುರುಡೆಯ ಉಂಗುರ, ಆದರೆ ಹೆಸರು ವೇತಾಳ! ನಮಗೆ ಬೇತಾಳ ಅಂದರೆ ವಿಕ್ರಮನ ಹೆಗಲೇರಿ ಪ್ರಶ್ನೆ ಕೇಳುವ ಹೆಣ. ಇವನು ಹೇಗೆ ವೇತಾಳನಾದ ಅಂತ ನಾವಿಬ್ಬರೂ ಮಾಳಗಿ ಮೇಲೆ ಕೂತು ಒಂದಿಡೀ ಮಧ್ಯಾಹ್ನ ಜಗಳಾಡಿದೆವು. ಗಡಿಯ ಈಚೆ ಒಂದು ಹೆಸರು, ಆಚೆ ಒಂದು ಹೆಸರು, ಮನುಷ್ಯ ಒಬ್ಬನೇ. ಜಗಳದಲ್ಲಿ ಯಾರು ಗೆದ್ದರೋ ನೆನಪಿಲ್ಲ; ಎರಡು ಹೆಸರಿಟ್ಟುಕೊಂಡು ಬದುಕಬಹುದು ಅನ್ನುವ ವಿಷಯ ಮಾತ್ರ ನನ್ನೊಳಗೆ ಕೂತುಬಿಟ್ಟಿತು.

ಲೀ ಫಾಕ್ ಎಂಬ ಅಮೆರಿಕದ ಲೇಖಕ ಫ್ಯಾಂಟಮನನ್ನು ಪತ್ರಿಕೆಗಳಲ್ಲಿ ಶುರುಮಾಡಿದ್ದು 1936ರ ಫೆಬ್ರುವರಿಯಲ್ಲಿ. ಸೂಪರ್‌ಮ್ಯಾನ್ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಮೈಗಂಟುವ ಉಡುಪು, ಗುಡ್ಡೆಯಿಲ್ಲದ ಕಣ್ಣಿನ ಮುಖವಾಡ ಎರಡೂ ಚಿತ್ರಕಥೆಯ ವೀರರಿಗೆ ಇವನಿಂದಲೇ ಬಂದ ಬಳುವಳಿ. ಆ ಬಿಳಿ ಕಣ್ಣು ತನಗೆ ಹೊಳೆದದ್ದು ಗ್ರೀಕರ ಹಳೆಯ ಕಲ್ಲಿನ ಮೂರ್ತಿಗಳನ್ನು ನೋಡಿ ಎಂದು ಫಾಕ್ ಹೇಳುತ್ತಿದ್ದ. ನಮ್ಮ ದೇಶದಲ್ಲಿ ಟೈಮ್ಸ್ ಆಫ್ ಇಂಡಿಯಾದ ಬೆನೆಟ್ ಕೋಲ್ಮನ್ ಕಂಪನಿ 1964ರ ಮಾರ್ಚಿನಲ್ಲಿ ಇಂದ್ರಜಾಲ ಕಾಮಿಕ್ಸನ್ನು ಫ್ಯಾಂಟಮನ ಕಥೆಯಿಂದಲೇ ಆರಂಭಿಸಿತು. 1990ರಲ್ಲಿ ನಿಲ್ಲುವಷ್ಟರಲ್ಲಿ ಎಂಟುನೂರಕ್ಕೂ ಹೆಚ್ಚು ಸಂಚಿಕೆ ಬಂದಿದ್ದವು. ಇಲ್ಲಿಗೆ ತರುವಾಗ ಅವನ ಕಾಡಿನ ದೇಶದ ಹೆಸರನ್ನು ಡೆಂಕಾಲಿ ಎಂದು ತಿದ್ದಿದ್ದರು. ಅಂದರೆ ನಮ್ಮ ಫ್ಯಾಂಟಮ್ಮೂ ಗಡಿ ದಾಟಿದಾಗ ಹೆಸರು ಬದಲಿಸಿಕೊಂಡವನೇ.

ಆ ಬಿಳಿ ಕಣ್ಣಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗುಡ್ಡೆ ಕಾಣದಿದ್ದರೆ ಅವನು ಯಾರ ಕಡೆ ನೋಡುತ್ತಿದ್ದಾನೆ ಅಂತ ಯಾರಿಗೂ ತಿಳಿಯುವುದಿಲ್ಲ. ಅವನು ಬೆನ್ನಟ್ಟುವ ಕಡಲ್ಗಳ್ಳರಿಗೆ ಅದು ಹೆದರಿಕೆ. ನನಗೆ ಅದು ಸಮಾಧಾನ. ಯಾಕೆಂದರೆ ಸಾಲಿಯಲ್ಲಿ ನನಗಿದ್ದ ದೊಡ್ಡ ಕಷ್ಟವೇ ಕಣ್ಣು. ಕಬಡ್ಡಿ ಆಡುವ ಹುಡುಗರ ಕಡೆ ನಾನು ಎಷ್ಟು ಹೊತ್ತು ನೋಡಿದೆ, ಪಕ್ಕದ ಸಾಲಿನಲ್ಲಿ ಹುಡುಗಿಯರು ಕೂತಿದ್ದರೂ ನಾನು ಯಾಕೆ ಅತ್ತ ತಿರುಗಲಿಲ್ಲ, ಇದನ್ನೆಲ್ಲ ಲೆಕ್ಕ ಇಡುವವರು ಇದ್ದರು. ನಡೆಯುವ ರೀತಿ, ಕೈ ಆಡಿಸುವ ರೀತಿ, ದನಿ ಒಡೆಯದೆ ಇದ್ದದ್ದು ಎಲ್ಲಕ್ಕೂ ಲೆಕ್ಕ. ಕನ್ನಡದಲ್ಲಿ ಹೆಣ್ಣಿಗ, ಮರಾಠಿಯಲ್ಲಿ ಬಾಯಲ್ಯಾ. ಬೈಗುಳಕ್ಕೂ ನಮ್ಮ ಕಡೆ ಎರಡು ಭಾಷೆ! ಹಾಗಾಗಿ ಒಂದು ವಯಸ್ಸಿನಲ್ಲಿ ನಾನು ನೆಲ ನೋಡಿಕೊಂಡೇ ನಡೆಯುತ್ತಿದ್ದೆ. ಫ್ಯಾಂಟಮ್ ನೆಟ್ಟಗೆ ತಲೆಯೆತ್ತಿ ನಿಂತು, ಯಾರನ್ನು ಬೇಕಾದರೂ ನೋಡುತ್ತ, ಯಾರಿಗೂ ಲೆಕ್ಕ ಕೊಡದೆ ಇರುತ್ತಿದ್ದ.

ಅವನು ಊರೊಳಗೆ ಬರುವುದಾದರೆ ಉದ್ದನೆಯ ಕೋಟು, ಹ್ಯಾಟು, ಕರಿ ಕನ್ನಡಕ ಹಾಕಿಕೊಂಡು ಮಿಸ್ಟರ್ ವಾಕರ್ ಆಗಿ ಬರುತ್ತಿದ್ದ. ಹೋಟೆಲಿನಲ್ಲಿ ಕೂತು ಹಾಲು ಕುಡಿಯುತ್ತಿದ್ದ. ಕುಡುಕರು ನಗುತ್ತಿದ್ದರು. ಓದುವ ನನಗೆ ಮಾತ್ರ ಗೊತ್ತಿತ್ತು, ಆ ಕೋಟಿನೊಳಗೆ ಯಾರಿದ್ದಾನೆ ಅಂತ. ಇದೇ ಆ ಪುಸ್ತಕಗಳ ಗುಟ್ಟು. ಅವು ಓದುಗನನ್ನು ಗುಟ್ಟಿನ ಒಳಗೆ ಕರೆದುಕೊಳ್ಳುತ್ತವೆ. ಬೇರೆ ಹುಡುಗರಿಗೆ ಅದು ಮೋಜು. ಗುಟ್ಟನ್ನು ಹೊತ್ತುಕೊಂಡೇ ತಿರುಗುತ್ತಿದ್ದ ಹುಡುಗನಿಗೆ, ಬಚ್ಚಿಟ್ಟುಕೊಂಡದ್ದೆಲ್ಲ ಪಾಪವಾಗಿರಲೇಬೇಕಿಲ್ಲ, ಅದು ಶಕ್ತಿಯೂ ಆಗಿರಬಹುದು ಎಂದು ಮೊದಲ ಸಲ ಹೇಳಿದ್ದು ಅವೇ. ಸಾಲಿಯ ಪುಸ್ತಕವಾಗಲಿ, ಮಠದ ಪ್ರವಚನವಾಗಲಿ, ಮನೆಯ ಹಿರಿಯರಾಗಲಿ ಆ ಮಾತು ಹೇಳಿರಲಿಲ್ಲ. ಹೇಳಲು ಅವರಿಗೆ ಕಾರಣವೂ ಇರಲಿಲ್ಲ, ಬಿಡಿ.

ನೀವು ಕೇಳಬಹುದು: ನಮ್ಮ ಪುರಾಣಗಳಲ್ಲಿ ಇರಲಿಲ್ಲವೇನಪ್ಪ ಇದು? ಇತ್ತು. ಅಮರ ಚಿತ್ರ ಕಥೆಯನ್ನೂ ನಾನು ಓದಿದವನೇ. ಅದು ಕನ್ನಡಿಗರು ಹೆಮ್ಮೆ ಪಡಬೇಕಾದ ಮಾಲಿಕೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅದನ್ನು ಕಟ್ಟಿದವರು. ಅವರ ಕೃಷ್ಣನ ಕಥೆ ಬರುವುದಕ್ಕೂ ಮೊದಲು, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅದೇ ಹೆಸರಿನಲ್ಲಿ ಕನ್ನಡದ ಚಿತ್ರಕಥೆಗಳನ್ನು ತಂದಿದ್ದರು. ಆದರೆ ಆ ವೀರರಿಗೆ ಮುಖವಾಡ ಇರಲಿಲ್ಲ. ರಾಮ ಎಲ್ಲರೆದುರೂ ರಾಮನೇ, ಬಿಲ್ಲು ಮುರಿದ ಮರುಗಳಿಗೆ ಹಾರ ಬೀಳುತ್ತದೆ. ಮುಖವಾಡಕ್ಕೆ ಹತ್ತಿರ ಬರುವವನು ಅರ್ಜುನ. ವಿರಾಟನ ಮನೆಯಲ್ಲಿ ಬೃಹನ್ನಳೆಯಾಗಿ ಕುಣಿತ ಕಲಿಸಿದವನು. ನಮ್ಮ ಕಡೆಯ ದೊಡ್ಡಾಟದಲ್ಲಿ ಬೃಹನ್ನಳೆ ಬಂದರೆ ಜನ ಸಿಳ್ಳೆ ಹೊಡೆದು ನಗುತ್ತಿದ್ದರು, ನಾನೂ ನಗುವಂತೆ ನಟಿಸುತ್ತಿದ್ದೆ. ಆದರೆ ಪಾಂಡವರ ಅಜ್ಞಾತವಾಸಕ್ಕೆ ಒಂದು ವರ್ಷದ ಗಡುವು. ವರ್ಷ ತುಂಬಿತು, ಶಮೀ ಮರದಿಂದ ಆಯುಧ ಇಳಿಸಿದರು, ಅರ್ಜುನ ಮತ್ತೆ ಅರ್ಜುನನಾದ. ಫ್ಯಾಂಟಮನ ಅಜ್ಞಾತವಾಸಕ್ಕೆ ಗಡುವಿಲ್ಲ. ನನ್ನದು ಒಂದು ವರ್ಷದಲ್ಲಿ ಮುಗಿಯುವಂಥದ್ದಲ್ಲ ಅಂತ ಆಗಲೇ ನನಗೆ ಅನಿಸಿತ್ತೇನೋ.

ಜೋಗಪ್ಪಂದಿರನ್ನೂ ನಾವು ಕಂಡವರೇ. ಯಲ್ಲಮ್ಮನ ಹೆಸರಿನಲ್ಲಿ ಸೀರೆಯುಟ್ಟು, ಕೊಡ ಹೊತ್ತು ಬರುವವರಿಗೆ ನಮ್ಮ ಅವ್ವ ಜೋಳ ನೀಡಿ ಕೈಮುಗಿಯುತ್ತಿದ್ದಳು. ಆ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಅದೊಂದು ದೊಡ್ಡ ದಾರಿ. ಸೀರೆಯುಟ್ಟವರಿಗೆ ದೇವಿಯ ಹೆಸರಿನಲ್ಲಿ ನಮ್ಮ ಸಮಾಜ ಒಂದು ಅಂಗಳವನ್ನಾದರೂ ಬಿಟ್ಟುಕೊಟ್ಟಿತ್ತು. ಅಂಗಳವಷ್ಟೇ, ಪಡಸಾಲೆಗೆ ಕರೆಯಲಿಲ್ಲ. ನನಗೆ ಸೀರೆ ಬೇಕಿರಲಿಲ್ಲ. ಪ್ಯಾಂಟು ಹಾಕಿಕೊಂಡು, ಪರೀಕ್ಷೆ ಪಾಸು ಮಾಡಿ, ನೌಕರಿ ಹಿಡಿದು, ಒಬ್ಬ ಗೆಳೆಯನ ಜೊತೆ ಒಂದು ಮನೆಯಲ್ಲಿ ಇರಬೇಕು ಅನ್ನುವ ಆಸೆಗೆ ಯಾವ ದೇವಿಯ ಗುಡಿಯಲ್ಲೂ ಹೆಸರಿರಲಿಲ್ಲ.

ಆ ಆಸೆಯ ಚಿತ್ರ ಸಿಕ್ಕಿದ್ದು ಮ್ಯಾಂಡ್ರೇಕ್‌ನಲ್ಲಿ. ಅವನೂ ಲೀ ಫಾಕ್‌ನ ಕೂಸೇ, ಫ್ಯಾಂಟಮನಿಗಿಂತ ಎರಡು ವರ್ಷ ಹಿರಿಯ. ಮೀಸೆ, ಉದ್ದ ಟೋಪಿ, ಮೋಡಿ ಹಾಕುವ ಕಣ್ಣು. ಅವನ ಗೆಳೆಯ ಲೋಥಾರ್, ರಾಜ್ಯ ಬಿಟ್ಟು ಬಂದ ಆಫ್ರಿಕಾದ ರಾಜಕುಮಾರ, ಆನೆಯಂಥ ಬಲಶಾಲಿ. ಇಬ್ಬರೂ ಗುಡ್ಡದ ಮೇಲಿನ ಝನಾಡು ಎಂಬ ಮನೆಯಲ್ಲಿ ಇರುತ್ತಾರೆ. ಮ್ಯಾಂಡ್ರೇಕ್‌ಗೆ ನಾರ್ದಾ ಎಂಬ ರಾಜಕುಮಾರಿಯ ಗೆಳೆತನ ಇದೆ, ಸರಿ. ಅವಳು ಬರುತ್ತಾಳೆ, ಹೋಗುತ್ತಾಳೆ. ಮನೆಯಲ್ಲಿ ಇರುವವನು ಲೋಥಾರ್. ಇಬ್ಬರು ಗಂಡಸರು ಒಂದೇ ಮನೆಯಲ್ಲಿ ಯಾಕಿದ್ದಾರೆ ಅಂತ ಆ ಕಥೆಯಲ್ಲಿ ಯಾರೂ ಕೇಳುವುದಿಲ್ಲ! ಬರೆದವರ ಮನಸ್ಸಿನಲ್ಲಿ ಇಂಥದ್ದೇನೂ ಇರಲಿಲ್ಲ ಅಂತ ನನಗೂ ಗೊತ್ತು. ಆದರೆ ಬರೆದವನ ಮನಸ್ಸಿನಲ್ಲಿ ಇದ್ದದ್ದನ್ನೇ ಓದಬೇಕು ಅಂತ ಕಾನೂನೇನಿಲ್ಲವಲ್ಲ. ಹಸಿದವನು ಇನ್ನೊಬ್ಬರ ಹೊಲದ ಸೀತನಿಯನ್ನೂ ಮುರಿದು ತಿನ್ನುತ್ತಾನೆ.

ಈ ಕಥೆಗಳಲ್ಲಿ ಕಣ್ಣು ಮುಚ್ಚಿ ಒಪ್ಪುವಂಥದ್ದು ಎಲ್ಲವೂ ಇರಲಿಲ್ಲ. ಒಬ್ಬ ಬಿಳಿಯ ಬಂದು ಕಾಡಿನ ಕಪ್ಪು ಜನರಿಗೆ ನಾಲ್ಕುನೂರು ವರ್ಷ ದೇವರಾಗುವುದು, ಲೋಥಾರ್ ಮೊದಮೊದಲು ಚಿರತೆ ಚರ್ಮ ಸುತ್ತಿಕೊಂಡು ಮುರುಕು ಇಂಗ್ಲಿಷ್ ಆಡುವ ಆಳಾಗಿದ್ದದ್ದು, ಇವೆಲ್ಲ ಈಗ ಓದಿದರೆ ಮುಜುಗರ. ನನಗೆ ಆಗ ಚುಚ್ಚಿದ್ದು ಮಾತ್ರ ಇನ್ನೊಂದು ಸಂಗತಿ. ಫ್ಯಾಂಟಮ್ ಒಬ್ಬನಲ್ಲ, ಇಪ್ಪತ್ತೊಂದನೆಯವನು. ಅಪ್ಪ ಸತ್ತಮೇಲೆ ಮಗ ಅದೇ ಮುಖವಾಡ ಹಾಕುತ್ತಾನೆ, ತಲೆಬುರುಡೆ ಮುಟ್ಟಿ ಆಣೆ ಮಾಡುತ್ತಾನೆ. ಅಂದರೆ ಅವನು ಮದುವೆಯಾಗಲೇಬೇಕು, ಗಂಡು ಹುಟ್ಟಲೇಬೇಕು. ಅವನ ಪ್ರೇಯಸಿ ಡಯಾನಾಳನ್ನು ನಾಲ್ಕು ದಶಕ ಕಾಯಿಸಿದ ಫಾಕ್, ಕೊನೆಗೂ 1977ರಲ್ಲಿ ಮದುವೆ ಮಾಡಿಸಿದ. ಆ ಸಂಚಿಕೆ ನನ್ನ ಕೈಗೆ ಬಂದದ್ದು ತಡವಾಗಿ. ಊರೆಲ್ಲ ಕೂಡಿದ ಮದುವೆಯ ಚಿತ್ರ ನೋಡಿ ನನಗೆ ಅಳು ಬಂತು. ಗುಹೆಯಲ್ಲಿದ್ದ ನನ್ನ ವೀರನಿಗೂ ಮನೆತನ ಬೆಳೆಸುವ ಕಾಟ ತಪ್ಪಲಿಲ್ಲ!

ಈಗ ಸ್ವಲ್ಪ ದೂರದ ಊರಿಗೆ ಹೋಗೋಣ. 1954ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಫ್ರೆಡ್ರಿಕ್ ವರ್ದಮ್, ಕಾಮಿಕ್ಸು ಮಕ್ಕಳನ್ನು ಕೆಡಿಸುತ್ತದೆ ಎಂದು ಒಂದು ಪುಸ್ತಕ ಬರೆದ. ಬ್ಯಾಟ್‌ಮ್ಯಾನ್ ಮತ್ತು ಅವನ ಜೊತೆಗಿರುವ ಹುಡುಗ ರಾಬಿನ್, ಇವರಿಬ್ಬರ ಮನೆಯೆಂದರೆ ಸಲಿಂಗಿಗಳ ಕನಸಿನ ಸಂಸಾರವಿದ್ದ ಹಾಗೆ ಅನ್ನುವುದು ಅವನ ಆರೋಪಗಳಲ್ಲೊಂದು. ವರ್ದಮ್ ಕೆಟ್ಟ ಮನುಷ್ಯನಲ್ಲ. ಹಾರ್ಲೆಮ್‌ನ ಬಡ ಕರಿಯರಿಗಾಗಿ ಚಿಕಿತ್ಸಾಲಯ ನಡೆಸಿದವನು, ಕರಿಯ ಮಕ್ಕಳನ್ನು ಬೇರೆ ಸಾಲಿಯಲ್ಲಿ ಕೂಡಿಸಬಾರದು ಎಂಬ ಮೊಕದ್ದಮೆಗೆ ಅವನ ಅಧ್ಯಯನ ನೆರವಾಗಿತ್ತು. ಆದರೆ ಈ ಪುಸ್ತಕದ ಗದ್ದಲಕ್ಕೆ ಹೆದರಿದ ಪ್ರಕಾಶಕರು ಅದೇ ವರ್ಷ ತಮಗೆ ತಾವೇ ಒಂದು ನಿಯಮಾವಳಿ ಹಾಕಿಕೊಂಡರು. ಅದರಲ್ಲಿ ಲೈಂಗಿಕ ವಿಕೃತಿಯ ಸುಳಿವೂ ಕೂಡದು ಅಂತ ಒಂದು ಸಾಲು ಇತ್ತು. ಆ ಸಾಲು 1989ರವರೆಗೆ ಬದುಕಿತ್ತು. ವರ್ದಮ್‌ನ ಕಡತಗಳನ್ನು ಶೋಧಿಸಿದ ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸೆ 2012ರಲ್ಲಿ ತೋರಿಸಿಕೊಟ್ಟದ್ದೇನೆಂದರೆ, ಅವನು ತನ್ನ ಹತ್ತಿರ ಬಂದವರ ಮಾತುಗಳನ್ನು ತಿರುಚಿದ್ದ. ನನ್ನಂಥ ಇಬ್ಬರು ಹೇಳಿದ್ದನ್ನು ಒಬ್ಬನೇ ಹೇಳಿದಂತೆ ಹೊಲಿದಿದ್ದ.

ಈ ವಿಷಯ ಓದಿದಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಸಂತೋಷವಾಯಿತು ಅಂದರೆ ನೀವು ನಂಬಬೇಕು. ದೂರು ಕೊಡುವುದಕ್ಕೆ ಬರೆದ ಪುಸ್ತಕದಲ್ಲೇ ನಮ್ಮವರ ಸಾಕ್ಷಿ ಸಿಕ್ಕಿಬಿಟ್ಟಿತಲ್ಲ! ನಾನು ಹುಟ್ಟುವುದಕ್ಕೂ ಮೊದಲು, ಏಳು ಸಮುದ್ರದಾಚೆ, ನನ್ನಂಥ ಹುಡುಗರು ಆ ಅಗ್ಗದ ಪುಸ್ತಕಗಳನ್ನು ನಾನು ಓದಿದ ಹಾಗೇ ಓದಿದ್ದರು. ಇಬ್ಬರು ಗಂಡಸರ ಮನೆಯನ್ನು ಅವರೂ ಕಂಡುಕೊಂಡಿದ್ದರು. ಡಾಕ್ಟರಿಗೆ ಅದು ರೋಗವಾಗಿ ಕಂಡಿತು, ಅಷ್ಟೇ ವ್ಯತ್ಯಾಸ.

ಮುಂದೆ ದಾರಿ ಬಿಚ್ಚಿಕೊಂಡದ್ದು ಎಕ್ಸ್-ಮೆನ್ ಕಡೆಯಿಂದ. 1963ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಕೂಡಿ ಮಾಡಿದ ಈ ಕಥೆಯಲ್ಲಿ ವೀರರು ಅಪಘಾತದಿಂದಲೋ ಮಂತ್ರದಿಂದಲೋ ವೀರರಾಗುವುದಿಲ್ಲ, ಹಾಗೇ ಹುಟ್ಟಿರುತ್ತಾರೆ. ಅದು ಹೊರಗೆ ಕಾಣಿಸಿಕೊಳ್ಳುವುದು ಮೀಸೆ ಮೂಡುವ ವಯಸ್ಸಿಗೆ. ಅಪ್ಪ ಅಮ್ಮ ಸಾಮಾನ್ಯ ಮನುಷ್ಯರು, ಮಗ ಬೇರೆ. ಮನೆಯಿಂದ ಹೊರಬಿದ್ದ ಇಂಥವರಿಗೆ ಸಾಲಿ ತೆರೆದು ಕಾಯುವವನು ಗಾಲಿಕುರ್ಚಿಯ ಮಾಸ್ತರ. ಇದರ ಕಾಮಿಕ್ಸು ನಮ್ಮೂರಿಗೆ ಬರಲಿಲ್ಲ. ನಾನು ನೋಡಿದ್ದು ಸಿನಿಮಾ, ಅದೂ ಕಲಬುರಗಿಯಲ್ಲಿ ಬಾಡಿಗೆಗೆ ತಂದ ಸಿಡಿಯಲ್ಲಿ. 2003ರ ಎರಡನೆಯ ಸಿನಿಮಾದಲ್ಲಿ ಒಬ್ಬ ಹುಡುಗ ತನ್ನ ಗುಟ್ಟನ್ನು ಮನೆಯವರ ಮುಂದೆ ಬಿಚ್ಚುತ್ತಾನೆ. ಅವನ ಅಮ್ಮ, ಹೀಗೆ ಇರದಿರಲು ಒಮ್ಮೆ ಯತ್ನಿಸಿ ನೋಡಬಾರದೇ ಎಂಬರ್ಥದಲ್ಲಿ ಕೇಳುತ್ತಾಳೆ. ನಾನು ಅಲ್ಲಿಗೇ ನಿಲ್ಲಿಸಿ ಎದ್ದು ಹೊರಗೆ ಬಂದೆ. ಅದಕ್ಕೆ ಎಷ್ಟೋ ವರ್ಷ ಮೊದಲೇ ನಮ್ಮ ಅವ್ವ ರೊಟ್ಟಿ ಬಡಿಯುತ್ತ ಕೇಳಿದ್ದಳು, "ಒಂದ್ ಲಗ್ನ ಅಂತ ಮಾಡ್ಕೊಂಡ್ ನೋಡಪಾ, ಎಲ್ಲಾ ತಾನೇ ಸರಿ ಆಗ್ತದ." ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ಸಿನಿಮಾದ ತಾಯಿಯೂ ಅಲ್ಲ.

ಅದೇ ಎಕ್ಸ್-ಮೆನ್ ಬಳಗದ ನಾರ್ತ್‌ಸ್ಟಾರ್ ಎಂಬ ಕೆನಡಾದ ವೀರನದು ಒಂದು ತಮಾಷೆಯ ಚರಿತ್ರೆ. 1979ರಲ್ಲಿ ಹುಟ್ಟಿದವನು. ಚಿತ್ರ ಬರೆದ ಜಾನ್ ಬರ್ನ್‌ಗೆ ಇವನು ಸಲಿಂಗಿ ಎಂದು ಗೊತ್ತಿತ್ತು, ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹದಿಮೂರು ವರ್ಷ ಕಾದು 1992ರಲ್ಲಿ ಒಂದು ಹೊಡೆದಾಟದ ನಡುವೆ ಆ ಪಾತ್ರ ತನ್ನ ವಿಷಯವನ್ನು ತಾನೇ ಹೇಳಿಕೊಂಡಿತು. 2012ರಲ್ಲಿ ಅವನು ತನ್ನ ಗೆಳೆಯ ಕೈಲ್‌ನನ್ನು ಮದುವೆಯಾದ. 2021ರಲ್ಲಿ ಸೂಪರ್‌ಮ್ಯಾನ್‌ನ ಮಗ ಜಾನ್ ಕೆಂಟ್ ಒಬ್ಬ ಹುಡುಗನಿಗೆ ಮುತ್ತಿಟ್ಟಾಗ ನಮ್ಮ ಕನ್ನಡದ ಪತ್ರಿಕೆಗಳಿಗೂ ಅದು ಸುದ್ದಿ. ಈಗಿನ ಹುಡುಗರಿಗೆ ಹೆಸರಿಟ್ಟ ವೀರರೇ ಇದ್ದಾರೆ. ನನಗೆ ಅವರ ಬಗ್ಗೆ ಖುಷಿಯಿದೆ. ಅವರ ಕಥೆಗಳು ಅಷ್ಟೊಂದು ಓದಿಸಿಕೊಳ್ಳುವುದಿಲ್ಲ, ಅದು ಬೇರೆ ಮಾತು.

ನನಗಿಂತ ಚಿಕ್ಕವರು ಏನು ಓದಿದರು ಅಂತ ಕುತೂಹಲವಿತ್ತು. ಪರಿಚಯದ ಇಬ್ಬರನ್ನು ಕೇಳಿದೆ. ಒಬ್ಬ ಅಫಜಲಪುರ ತಾಲ್ಲೂಕಿನವನು, ಗಾಣಗಾಪುರದ ಹತ್ತಿರದ ಊರು. ದತ್ತನ ದರ್ಶನಕ್ಕೆ ಮಹಾರಾಷ್ಟ್ರದಿಂದ ಬರುವ ಜನರ ಜೊತೆ ಹಿಂದಿ ಕಾಮಿಕ್ಸೂ ಬರುತ್ತಿದ್ದವಂತೆ. ಅವನ ವೀರ ನಾಗರಾಜ. ದೆಹಲಿಯ ರಾಜ್ ಕಾಮಿಕ್ಸಿನವರು 1986ರಲ್ಲಿ ಹುಟ್ಟಿಸಿದ ಈ ಹಸಿರು ಮೈಯವನ ರಕ್ತದಲ್ಲೇ ಹಾವುಗಳು ವಾಸವಾಗಿವೆ. "ಸರ್, ಮೈಯಾಗ ವಿಷ ಅದ ಅಂತ ನನಗೂ ಅನಸ್ತಿತ್ತು. ಅಂವಗ ಅದಽ ಶಕ್ತಿ ಆಗಿತ್ತಲ್ರಿ" ಅಂದ. ಭೀಮಾ ದಂಡೆಯ ಮಡ್ಡಿಯಲ್ಲಿ ಹಾವು ನೋಡುತ್ತ ಬೆಳೆದ ಹುಡುಗನ ಬಾಯಲ್ಲಿ ಆ ಮಾತಿಗೆ ಒಂದು ತೂಕವಿತ್ತು.

ಇನ್ನೊಬ್ಬ ಜೇವರ್ಗಿಯವನು. ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗನ ಭಕ್ತ. ಡಿಂಗ ಒಂದು ಇಲಿ. ಮಲಯಾಳದಲ್ಲಿ ಡಿಂಕನ್ ಆಗಿ 1983ರಲ್ಲಿ ಹುಟ್ಟಿ ಕನ್ನಡಕ್ಕೆ ಬಂದ. ಕಾಡಿನಲ್ಲಿ ಯಾರಿಗೆ ಆಪತ್ತು ಬಂದರೂ ಹಾರಿ ಬರುವ ಇಲಿ. ಹುಲಿ ಸಿಂಹಗಳ ನಡುವೆ ಇಲಿಯೇ ಬಲಶಾಲಿ ಆಗಿದ್ದು ಅವನಿಗೆ ಸಾಕಾಗಿತ್ತಂತೆ. ಆಮೇಲೆ 1997ರಲ್ಲಿ ದೂರದರ್ಶನಕ್ಕೆ ಶಕ್ತಿಮಾನ್ ಬಂದ. ಅದರಲ್ಲಿ ಮುಖೇಶ್ ಖನ್ನಾ ಎರಡು ವೇಷ ಹಾಕುತ್ತಿದ್ದರು, ಶಕ್ತಿಮಾನ್ ಒಂದು, ಉಬ್ಬುಹಲ್ಲಿನ ಪೆದ್ದ ಗಂಗಾಧರ ಇನ್ನೊಂದು. ಊರ ಹುಡುಗರೆಲ್ಲ ಕೈಯೆತ್ತಿ ಗಿರಗಿರ ತಿರುಗಿ ಶಕ್ತಿಮಾನ್ ಆಗುತ್ತಿದ್ದರು. ಜೇವರ್ಗಿಯವನು ಗಂಗಾಧರನಾಗುತ್ತಿದ್ದ. ಜನ ನಗುವಂತೆ ನಡೆದುಕೊಂಡರೆ ಒಳಗಿನದನ್ನು ಯಾರೂ ಕೆದಕುವುದಿಲ್ಲ ಅಂತ ಅವನು ಕಂಡುಕೊಂಡಿದ್ದ. ಇವತ್ತಿಗೂ ಅವನು ಕೂಡಿದ ಕಡೆ ನಗೆಯೇ.

ಈ ಜೇವರ್ಗಿಯವನೇ ನನ್ನ ಜೊತೆ ವಾದಕ್ಕೂ ಬಿದ್ದ. "ನೀವು ಮುಖವಾಡಕ್ಕ ಭಾಳ ಮರ್ಯಾದಿ ಕೊಡ್ತೀರಿ ಸರ್. ಅದು ನಿಮ್ಮನ್ನ ಉಳಿಸ್ತು, ಖರೆ. ಎಷ್ಟ್ ಮಂದಿನ್ನ ತಿಂತು ಅದನ್ನೂ ಹೇಳ್ರಿ." ಹೇಳಬೇಕು. ನನ್ನ ಜೊತೆ ಇಂದ್ರಜಾಲ ಅದಲುಬದಲು ಮಾಡಿಕೊಳ್ಳುತ್ತಿದ್ದ ಒಬ್ಬ ಗೆಳೆಯನಿದ್ದ. ಅವನೂ ನನ್ನಂಥವನೇ. ನಾವು ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲೇ ಇಲ್ಲ, ಆದರೂ ಇಬ್ಬರಿಗೂ ಗೊತ್ತಿತ್ತು. ಇಪ್ಪತ್ತೆರಡಕ್ಕೆ ಅವನ ಲಗ್ನವಾಯಿತು. ಘತ್ತರಗಿ ಭಾಗ್ಯವಂತಿಯ ಜಾತ್ರೆಯಲ್ಲಿ ಈಗಲೂ ಸಿಗುತ್ತಾನೆ. ತೊಗರಿ ದರ, ಮಗಳ ಕಾಲೇಜು, ಮಂಡಿನೋವು, ಎಲ್ಲಾ ಮಾತಾಡುತ್ತೇವೆ. ಅವನ ಹೆಂಡತಿ ನನಗೆ ಕಡಕ್ ರೊಟ್ಟಿ ಕಟ್ಟಿ ಕೊಡುತ್ತಾಳೆ. ಮೂವತ್ತು ವರ್ಷದಿಂದ ಆ ಹೆಣ್ಣುಮಗಳು ಯಾವ ಮನುಷ್ಯನ ಜೊತೆ ಸಂಸಾರ ಮಾಡಿದಳು? ಮಿಸ್ಟರ್ ವಾಕರನ ಜೊತೆಯೋ? ಇದಕ್ಕೆ ಕಾಮಿಕ್ಸಿನಲ್ಲಿ ಉತ್ತರವಿಲ್ಲ. ಮುಖವಾಡದ ಬೆಲೆಯನ್ನು ಅದು ಎಂದೂ ಹೆಂಡತಿಯ ಕಡೆಯಿಂದ ಲೆಕ್ಕ ಹಾಕಿಲ್ಲ.

ಮುಖವಾಡವಿಲ್ಲದ ಕನ್ನಡದ ಪುಸ್ತಕ ನನಗೆ ಸಿಕ್ಕಿದ್ದು 2013ರಲ್ಲಿ, ವಸುಧೇಂದ್ರ ಅವರ ಮೋಹನಸ್ವಾಮಿ. ಅವರು ನಮ್ಮ ಕಲ್ಯಾಣ ಕರ್ನಾಟಕದವರೇ, ಬಳ್ಳಾರಿ ಜಿಲ್ಲೆಯ ಸಂಡೂರಿನವರು. ಆಗ ನನಗೆ ನಲವತ್ತು ದಾಟಿತ್ತು. ಅದನ್ನು ನಾನು ಹೊದಿಕೆ ಹಾಕಿ ಓದಿದೆ, ಹಳೆಯ ಚಾಳಿ. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ನಮ್ಮಂಥವರ ಸಂಬಂಧ ಅಪರಾಧವಲ್ಲ ಎಂದಿದ್ದ ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ ನಮ್ಮನ್ನು ಮತ್ತೆ ಅಪರಾಧಿಗಳ ಸಾಲಿಗೆ ಸೇರಿಸಿತು. ಐದು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿದ್ದು 2018ರ ಸೆಪ್ಟೆಂಬರ್ 6ರಂದು. ಆ ದಿನ ನಾನು ಊರಲ್ಲಿದ್ದೆ, ಹೆಸರುಕಾಳಿನ ರಾಶಿ ನಡೆದಿತ್ತು. ಮೊಬೈಲಿನಲ್ಲಿ ಸುದ್ದಿ ಓದಿ, ಕಿಸೆಯಲ್ಲಿಟ್ಟುಕೊಂಡು, ಮತ್ತೆ ಚೀಲ ಹಿಡಿದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಹೊಟ್ಟಿನ ದೂಳು ಅಂತ ನೆಪ ಹೇಳಿದೆ.

ಕೊನೆಗೆ ನನ್ನ ಟ್ರಂಕಿನ ಕಥೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾಯಿತು. ನಮ್ಮ ಗಡಿಯಾಚೆಗೇ ಸಾವಿರಾರು ಜನ ಮಣ್ಣಿನಡಿ ಹೋದರು. ನಮ್ಮ ಕಡೆಯೂ ಗೋಡೆಗಳು ಬಿರುಕುಬಿಟ್ಟವು, ಜನ ತಿಂಗಳುಗಟ್ಟಲೆ ಹೊರಗೆ ಮಲಗಿದರು. ಮನೆಯ ಸಾಮಾನು ಅಂಗಳಕ್ಕೆ ಸಾಗಿಸುವಾಗ ಅಪ್ಪ ನನ್ನ ಟ್ರಂಕನ್ನು ತೆಗೆದ. ನಾನು ಕಲಬುರಗಿಯಿಂದ ಬರುವಷ್ಟರಲ್ಲಿ ಅದು ಬಾಯಿ ತೆರೆದುಕೊಂಡು ಬೇವಿನ ಗಿಡದ ಕೆಳಗಿತ್ತು. ನನ್ನ ಎದೆ ಬಾಯಿಗೆ ಬಂತು. ಅಪ್ಪ ಮಂಚದ ಮೇಲೆ ಕೂತು ಒಂದು ವೇತಾಳವನ್ನು ತಿರುವಿಹಾಕುತ್ತಿದ್ದ. ಅವನಿಗೆ ಮರಾಠಿ ಓದಲು ಬರುತ್ತಿತ್ತು. ನನ್ನನ್ನು ನೋಡಿ, "ಇಷ್ಟ್ ದೊಡ್ಡಾಂವಾಗಿ ಇನ್ನಾ ಚಿತ್ರದ ಪುಸ್ತಕ ಇಟ್ಕೊಂಡೀಯಲ್ಲೋ ತಮ್ಮಾ" ಅಂದ. ಆಮೇಲೆ ಮತ್ತೆ ಅದರಲ್ಲೇ ಮುಖ ಹುದುಗಿಸಿದ. ಆ ವಾರ ಅಂಗಳದಲ್ಲಿ ಕಂದೀಲಿನ ಬೆಳಕಿನಲ್ಲಿ ಅವನು ಹನ್ನೊಂದು ಪುಸ್ತಕ ಓದಿ ಮುಗಿಸಿದ. ನನಗೆ ಏನನ್ನೂ ಕೇಳಲಿಲ್ಲ. ಲಗ್ನದ ಮಾತನ್ನೂ ಆಮೇಲೆ ಅವನು ಎತ್ತಲಿಲ್ಲ. ಅವನು ಏನನ್ನಾದರೂ ಓದಿಕೊಂಡನೋ, ಸುಮ್ಮನೆ ಬೇಸರಾಗಿ ಬಿಟ್ಟನೋ, ಕೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಆ ಟ್ರಂಕು ಈಗಲೂ ನನ್ನ ಹತ್ತಿರ ಇದೆ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು. ಮಕ್ಕಳು ಬರುತ್ತಾರೆ, ನಾನೇ ಹೋಗಿ ಕಂಡಿದ್ದೇನೆ. ಈ ಬೇಸಿಗೆ ರಜೆಗೆ ನನ್ನ ಪುಸ್ತಕಗಳಲ್ಲಿ ಅರ್ಧವನ್ನು ಅಲ್ಲಿಗೆ ಕೊಡುವವನಿದ್ದೇನೆ. ಕೇಳುತ್ತಿರುವ ನಿಮ್ಮ ಅಟ್ಟದ ಮೇಲೂ ಹಳೆಯ ಸುಧಾ, ಬಾಲಮಂಗಳ, ಇಂದ್ರಜಾಲ ಇದ್ದಾವು. ರದ್ದಿಯವನಿಗೆ ತೂಗಿ ಹಾಕಬೇಡಿ, ನಿಮ್ಮೂರಿನ ಅರಿವು ಕೇಂದ್ರಕ್ಕೆ ಕೊಡಿ. ಗ್ರಂಥಪಾಲಕರಲ್ಲಿ ಇನ್ನೊಂದು ವಿನಂತಿ: ಒಬ್ಬ ಹುಡುಗ ಅದೇ ಪುಸ್ತಕವನ್ನು ನಾಲ್ಕನೆಯ ಸಲ ಒಯ್ಯಲು ಬಂದರೆ, ಯಾಕೆ ಅಂತ ಕೇಳದೆ ಬರೆದುಕೊಂಡು ಕೊಟ್ಟುಬಿಡಿ.